ಕಚೇರಿ ನಮ್ಮದು, ಕೀಲಿಕೈ ಯಾರದು?

ಕರಾವಳಿಯ ಒಂದು ಸಣ್ಣ ಊರಿನ ಶಾಲೆ. ಜಮಾಅತಿನವರು ಮನೆ ಮನೆ ಸುತ್ತಿ ಚಂದಾ ಎತ್ತಿ ಕಟ್ಟಿಸಿದ್ದು. ಅದರ ಆಡಳಿತ ಸಮಿತಿಯಲ್ಲಿ ನಾನೂ ಒಬ್ಬ. ವರ್ಷದ ಲೆಕ್ಕಪತ್ರ ಮಂಡಿಸುವ ಸಭೆಯ ದಿನ ಗುಮಾಸ್ತರು ಕಂಪ್ಯೂಟರ್ ತೆರೆದರೆ ಪರದೆಯ ಮೇಲೆ ಒಂದು ಎಚ್ಚರಿಕೆ. ನೀವು ಬಳಸುತ್ತಿರುವ ಆಫೀಸ್ ತಂತ್ರಾಂಶ ಅಸಲಿಯಲ್ಲ ಎಂಬುದು ಅದರ ಸಾರ. ರಿಪೇರಿಯ ಹುಡುಗನನ್ನು ಕರೆಸಿದೆವು. ಅವನು ನಕ್ಕು, "ಇದಕ್ಕೆಲ್ಲ ದುಡ್ಡು ಕೊಡ್ಲಿಕ್ಕೆ ಏನುಂಟು ಸರ್? ಹೊಸ ಕ್ರ್ಯಾಕ್ ಹಾಕಿ ಕೊಡ್ತೇನೆ. ಎಲ್ಲ ಕಡೆ ಹೀಗೇ ಅಲ್ವಾ?" ಎಂದ. ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಆದರೆ ಅಧ್ಯಕ್ಷರಾಗಿದ್ದ ಹಿರಿಯ ಹಾಜಿಯವರು ಸುಮ್ಮನಿರಲಿಲ್ಲ. "ಕ್ರ್ಯಾಕ್ ಅಂದ್ರೆ ಎಂತ?" ಎಂದು ಕೇಳಿದರು. ವಿವರಿಸಿದ ಮೇಲೆ, "ಅಂದ್ರೆ ಕಂಬದಿಂದ ವಯರ್ ಎಳೆದು ಕರೆಂಟ್ ತೆಗೊಂಡ ಹಾಗೆ" ಎಂದರು. ಸಭೆ ಮೌನವಾಯಿತು.

ಈ ಮೌನದ ಬಗ್ಗೆ ನಾವು ಮಾತಾಡಬೇಕಾಗಿದೆ. ವಿದ್ಯುತ್ ಕದಿಯುವುದನ್ನು ಕಳ್ಳತನ ಎನ್ನುವ ನಾವು ತಂತ್ರಾಂಶದ ವಿಷಯಕ್ಕೆ ಬಂದರೆ ಹಾಗೆನ್ನುವುದಿಲ್ಲ. ದೊಡ್ಡ ಕಂಪೆನಿ, ಬೇಕಾದಷ್ಟು ದುಡ್ಡಿದೆ, ನಮ್ಮ ಒಂದು ಪ್ರತಿಯಿಂದ ಅದಕ್ಕೇನು ನಷ್ಟ ಎಂಬುದು ವಾದ. ಕಾನೂನು ಇದನ್ನು ಒಪ್ಪುವುದಿಲ್ಲ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಗೊತ್ತಿದ್ದೂ ನಕಲಿ ತಂತ್ರಾಂಶ ಬಳಸುವುದು ಏಳು ದಿನದಿಂದ ಮೂರು ವರ್ಷದವರೆಗೆ ಸಜೆಗೆ ಅರ್ಹವಾದ ಅಪರಾಧ. ಧರ್ಮವನ್ನು ಅಡ್ಡ ತರುವಂತೆಯೂ ಇಲ್ಲ. 1988ರಲ್ಲಿ ಕುವೈತಿನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್‌ಹ್ ಅಕಾಡೆಮಿಯ ಅಧಿವೇಶನವು ಗ್ರಂಥಕರ್ತರ, ಆವಿಷ್ಕಾರ ಮಾಡಿದವರ ಹಕ್ಕುಗಳು ಶರೀಅತ್ತಿನ ರಕ್ಷಣೆಗೆ ಒಳಪಟ್ಟಿವೆ, ಅವುಗಳನ್ನು ಅತಿಕ್ರಮಿಸಬಾರದು ಎಂದೇ ತೀರ್ಮಾನಿಸಿತ್ತು.

ಆದರೆ ಈ ಲೇಖನ ಕಳ್ಳತನದ ಬಗ್ಗೆ ಉಪದೇಶ ಮಾಡುವುದಕ್ಕಲ್ಲ. ಕಳ್ಳತನದಿಂದ ಕಂಪೆನಿಗೆ ನಷ್ಟವಾಗುತ್ತದೆ ಎಂಬುದೇ ಅರ್ಧ ಸತ್ಯ. 1998ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮುಂದೆ ಮಾತಾಡುತ್ತಾ ಮೈಕ್ರೋಸಾಫ್ಟಿನ ಬಿಲ್ ಗೇಟ್ಸ್ ಚೀನಾದ ಪ್ರಸ್ತಾಪ ಮಾಡಿದ್ದರು. ಅಲ್ಲಿನ ಜನ ಹೇಗೂ ಕದಿಯುತ್ತಾರೆ, ಕದಿಯುವುದಾದರೆ ನಮ್ಮದನ್ನೇ ಕದಿಯಲಿ, ಅದರ ಚಟ ಹತ್ತಿದ ಮೇಲೆ ಮುಂದೊಂದು ದಿನ ವಸೂಲಿ ಮಾಡುವ ದಾರಿ ಕಂಡುಕೊಳ್ಳುತ್ತೇವೆ ಎಂಬುದು ಅವರ ಮಾತಿನ ತಾತ್ಪರ್ಯವಾಗಿತ್ತು. ಇದಕ್ಕಿಂತ ಪ್ರಾಮಾಣಿಕವಾದ ತಪ್ಪೊಪ್ಪಿಗೆ ಬೇಕಿಲ್ಲ. ನಕಲಿ ಪ್ರತಿ ಹಾಕಿಕೊಂಡವನು ಕಂಪೆನಿಯನ್ನು ಮೋಸ ಮಾಡಿದೆ ಎಂದು ಬೀಗುತ್ತಾನೆ. ನಿಜದಲ್ಲಿ ಅವನು ಸಂಬಳವಿಲ್ಲದ ಪ್ರಚಾರಕ. ಅವನ ಮಕ್ಕಳು ಅದನ್ನೇ ಕಲಿಯುತ್ತಾರೆ, ಅವನ ಗುಮಾಸ್ತ ಅದರಲ್ಲೇ ಪತ್ರ ಟೈಪ್ ಮಾಡುತ್ತಾನೆ, ಅವನ ಪತ್ರ ಓದಬೇಕಾದವರು ಅದನ್ನೇ ಕೊಳ್ಳಬೇಕಾಗುತ್ತದೆ. ವಸೂಲಿಯ ಆ ದಿನವೂ ಬಂದಿದೆ. ಒಮ್ಮೆ ಕೊಂಡರೆ ಮುಗಿಯಿತು ಎಂಬ ಕಾಲ ಹೋಗಿ, ತಿಂಗಳ ಬಾಡಿಗೆ, ವರ್ಷದ ಬಾಡಿಗೆಯ ಕಾಲ ಬಂದಿದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಕೊನೆಗೊಂಡಿತು. ಅದೇ ದಿನ ಆಫೀಸ್ 2016 ಮತ್ತು 2019ರ ಬೆಂಬಲವೂ ನಿಂತಿತು. ಇನ್ನೂ ಚೆನ್ನಾಗಿ ಓಡುತ್ತಿದ್ದ ಎಷ್ಟೋ ಶಾಲೆಗಳ ಯಂತ್ರಗಳು ಒಂದೇ ದಿನಕ್ಕೆ 'ಹಳತು' ಎನಿಸಿಕೊಂಡವು.

ಇದಕ್ಕೆ ಬದಲಿ ಇಲ್ಲವೇ? ಇದೆ, ಮತ್ತು ಅದು ನಿನ್ನೆ ಮೊನ್ನೆಯದಲ್ಲ. ಜರ್ಮನಿಯ ಸ್ಟಾರ್ ಡಿವಿಜನ್ ಎಂಬ ಕಂಪೆನಿಯ ಸ್ಟಾರ್ ಆಫೀಸನ್ನು 1999ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕೊಂಡುಕೊಂಡಿತು. ಮರುವರ್ಷವೇ ಅದರ ಮೂಲ ಸಂಕೇತವನ್ನು ಲೋಕಕ್ಕೆ ಬಿಟ್ಟುಕೊಟ್ಟಿತು. ಅದೇ ಓಪನ್ ಆಫೀಸ್. 2010ರಲ್ಲಿ ಸನ್ ಕಂಪೆನಿ ಒರಾಕಲ್ ಕೈಗೆ ಹೋಯಿತು. ಹೊಸ ಒಡೆಯನ ಧೋರಣೆಯ ಬಗ್ಗೆ ಸಂಶಯಗೊಂಡ ಕೆಲಸಗಾರರು ಅದೇ ಸಂಕೇತವನ್ನು ತೆಗೆದುಕೊಂಡು ಹೊರಬಂದು ಡಾಕ್ಯುಮೆಂಟ್ ಫೌಂಡೇಶನ್ ಎಂಬ ಪ್ರತಿಷ್ಠಾನ ಕಟ್ಟಿದರು. ಅವರು ಬೆಳೆಸಿದ್ದೇ ಇಂದಿನ ಲಿಬ್ರೆ ಆಫೀಸ್. ಒಡೆಯ ಬದಲಾದಾಗ ಮನೆಯನ್ನೇ ಎತ್ತಿಕೊಂಡು ಹೊರಡುವ ಈ ಅವಕಾಶ ಬಾಡಿಗೆಯ ತಂತ್ರಾಂಶದಲ್ಲಿ ಇಲ್ಲ ಎಂಬುದನ್ನು ಗಮನಿಸಬೇಕು.

ಇಂಗ್ಲಿಷಿನ 'ಫ್ರೀ' ಎಂಬ ಪದಕ್ಕೆ ಎರಡು ಅರ್ಥ. ಆ ಗೊಂದಲದಿಂದ ಅಲ್ಲಿನವರು ಇಂದಿಗೂ ಪಾರಾಗಿಲ್ಲ. ಕನ್ನಡಕ್ಕೆ ಆ ಕಷ್ಟವಿಲ್ಲ. ನಮ್ಮಲ್ಲಿ ಪುಕ್ಕಟೆ ಬೇರೆ, ಮುಕ್ತ ಬೇರೆ. ಪುಕ್ಕಟೆ ಎಂದರೆ ಕೊಟ್ಟವನ ಔದಾರ್ಯ, ನಾಳೆ ಅವನು ಕೊಡದೆಯೂ ಇರಬಹುದು. ಮುಕ್ತ ಎಂದರೆ ನಮ್ಮ ಹಕ್ಕು. ಬಳಸುವ, ಒಳಗೇನಿದೆ ಎಂದು ನೋಡುವ, ತಿದ್ದುವ, ಹಂಚುವ ಹಕ್ಕು. ಆದರೆ ನಮ್ಮಲ್ಲಿ ಮುಕ್ತ ತಂತ್ರಾಂಶದ ಪ್ರಚಾರಕರೇ 'ದುಡ್ಡಿಲ್ಲ, ತೆಗೆದುಕೊಳ್ಳಿ' ಎಂದು ಮಾರುಕಟ್ಟೆಯ ಭಾಷೆಯಲ್ಲಿ ಕೂಗುತ್ತಾರೆ. ಕಳ್ಳಪ್ರತಿಗೂ ದುಡ್ಡಿಲ್ಲದ ನಾಡಿನಲ್ಲಿ ಈ ಕೂಗು ಯಾರ ಕಿವಿಗೆ ಬಿದ್ದೀತು?

ದುಡ್ಡಿಗಿಂತ ದೊಡ್ಡ ವಿಷಯ ಕಾಗದಪತ್ರದ್ದು. ಈ ಪಾಠವನ್ನು ಕನ್ನಡಿಗರು ಕಷ್ಟಪಟ್ಟೇ ಕಲಿತಿದ್ದಾರೆ. ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, ಅಂದರೆ 1991ರಲ್ಲೇ, ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೆ ಕಂಪ್ಯೂಟರುಗಳು ಅದನ್ನು ಸರಿಯಾಗಿ ತೋರಿಸಲು ವರ್ಷಗಳೇ ಹಿಡಿದವು. ಅಷ್ಟರಲ್ಲಿ ನುಡಿ, ಬರಹ, ಶ್ರೀಲಿಪಿ ಎಂದು ನಾವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿ ಕೆಲಸ ಸಾಗಿಸಿದೆವು. ಆ ದಿನಗಳಲ್ಲಿ ಅವು ಮಾಡಿದ ಉಪಕಾರ ಸಣ್ಣದಲ್ಲ. ಆದರೆ ಒಬ್ಬರ ಫಾಂಟಿನಲ್ಲಿ ಬರೆದದ್ದು ಇನ್ನೊಬ್ಬರ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಯಿತು. ಪುಟ ಕಟ್ಟುತ್ತಿದ್ದ ಪೇಜ್‌ಮೇಕರಿನ 7.0 ಆವೃತ್ತಿ 2001ರಲ್ಲಿ ಬಂತು. ಅದರಾಚೆಗೆ ಅಡೋಬ್ ಅದನ್ನು ಬೆಳೆಸದೆ ಇನ್‌ಡಿಸೈನಿನ ಕಡೆ ತಿರುಗಿತು. ಆ ಕಾಲದಲ್ಲಿ ಅಚ್ಚಾದ ಎಷ್ಟೋ ಪುಸ್ತಕಗಳ ಕಡತಗಳು ಸಿ.ಡಿ.ಗಳಲ್ಲಿ ಉಳಿದಿವೆ, ತೆರೆಯುವ ಬಾಗಿಲು ಉಳಿದಿಲ್ಲ.

ಉರ್ದುವಿನ ಕಥೆಯೂ ಇದೇ. 1981ರಲ್ಲಿ ಮಿರ್ಜಾ ಅಹ್ಮದ್ ಜಮೀಲ್ ಸಿದ್ಧಪಡಿಸಿದ ನೂರಿ ನಸ್ತಲೀಖ್ ಲಿಪಿಯ ಬಲದಿಂದ, 1994ರಲ್ಲಿ ದೆಹಲಿಯ ಒಂದು ಕಂಪೆನಿ ತಂದ ಇನ್‌ಪೇಜ್ ತಂತ್ರಾಂಶ ಉರ್ದು ಪತ್ರಿಕೋದ್ಯಮವನ್ನು ಕಾತಿಬರ ಲೇಖನಿಯಿಂದ ಕೀಲಿಮಣೆಗೆ ತಂದಿತು. ಅದೊಂದು ಕ್ರಾಂತಿಯೇ ಸರಿ. ಆದರೆ ಅದರ ಕಡತ ಅದರಲ್ಲೇ ತೆರೆಯಬೇಕು. ಅದರ ಕಳ್ಳಪ್ರತಿಗಳು ಉಪಖಂಡದ ತುಂಬ ಓಡಾಡಿದವು. ಕಳ್ಳಪ್ರತಿ ಹಾಕಿಕೊಂಡವನಿಗೂ ದುಡ್ಡು ಕೊಟ್ಟು ಕೊಂಡವನಿಗೂ ಕೊನೆಗೆ ಸಿಕ್ಕಿದ್ದು ಒಂದೇ: ಬೀಗ ಹಾಕಿದ ಕಪಾಟು.

ಮುಕ್ತ ತಂತ್ರಾಂಶದ ನಿಜವಾದ ಬೆಲೆ ಇಲ್ಲಿದೆ. ಲಿಬ್ರೆ ಆಫೀಸ್ ತನ್ನ ಕಡತವನ್ನು ಉಳಿಸುವ ಓಪನ್ ಡಾಕ್ಯುಮೆಂಟ್ ಎಂಬ ರೂಪ 2006ರಲ್ಲಿ ಅಂತಾರಾಷ್ಟ್ರೀಯ ಮಾನಕವಾಯಿತು. ಅದರ ವಿವರಣೆ ಎಲ್ಲರಿಗೂ ತೆರೆದಿದೆ. ಐವತ್ತು ವರ್ಷದ ನಂತರ ಲಿಬ್ರೆ ಆಫೀಸ್ ಇಲ್ಲದಿದ್ದರೂ ಆ ವಿವರಣೆ ಓದಿ ಯಾರಾದರೂ ಕಡತ ತೆರೆಯಬಹುದು. ಮೈಕ್ರೋಸಾಫ್ಟ್ ತನ್ನ ಹೊಸ ರೂಪವನ್ನೂ ಮಾನಕವಾಗಿಸಲು ಹೊರಟಾಗ 2007ರಲ್ಲೂ 2008ರಲ್ಲೂ ಭಾರತ ವಿರುದ್ಧ ಮತ ಹಾಕಿತ್ತು. ಆದರೂ 2008ರಲ್ಲಿ ಅದಕ್ಕೆ ಮಾನ್ಯತೆ ಸಿಕ್ಕಿತು. ಹಾಗಾಗಿ ಇಂದು ಎರಡು ಮಾನಕಗಳಿವೆ, ಒಬ್ಬರ ಕಡತ ಇನ್ನೊಬ್ಬರಲ್ಲಿ ತೆರೆದಾಗ ಪಟ್ಟಿಗಳು ಸರಿದು ಸಾಲುಗಳು ಅಡ್ಡಾದಿಡ್ಡಿಯಾಗುವ ಗೋಳೂ ಇದೆ.

ಇಷ್ಟು ಹೇಳಿ ನಿಲ್ಲಿಸಿದರೆ ಇದು ವಿಮರ್ಶೆಯಾಗದೆ ಜಾಹೀರಾತಾದೀತು. ಮುಕ್ತ ತಂತ್ರಾಂಶದ ಪಾಳಯದಲ್ಲೂ ತಪ್ಪುಗಳಿವೆ. ಲಿಬ್ರೆ ಆಫೀಸಿನ ಆದೇಶಗಳು ಕನ್ನಡದಲ್ಲಿ ಸಿಗುತ್ತವೆ ನಿಜ, ಆದರೆ ಕೆಲವು ಅನುವಾದಗಳನ್ನು ಓದಿದರೆ ಇಂಗ್ಲಿಷೇ ವಾಸಿ ಎನಿಸುತ್ತದೆ. ಕನ್ನಡದ ಕಾಗುಣಿತ ಪರೀಕ್ಷೆ ಇನ್ನೂ ಅಂಬೆಗಾಲಿಡುತ್ತಿದೆ. ಪ್ರತ್ಯಯ ಹತ್ತಿದ ಕೂಡಲೇ ಸರಿಯಾದ ಪದದ ಕೆಳಗೂ ಕೆಂಪು ಗೆರೆ ಬೀಳುತ್ತದೆ. ಇದನ್ನು ತಿದ್ದುವ ಹಕ್ಕು ನಮಗಿದೆ ಎಂದರೆ ಸಾಲದು. ತಿದ್ದುವ ಕೈಗಳು ಎಲ್ಲಿವೆ? ಬೆಂಗಳೂರಿನಲ್ಲಿ ತಂತ್ರಜ್ಞರ ದಂಡೇ ಇದೆ, ಕನ್ನಡದ ಈ ಕೆಲಸಕ್ಕೆ ಬೆರಳೆಣಿಕೆಯ ಉತ್ಸಾಹಿಗಳು ಮಾತ್ರ ಬಿಡುವಿನ ವೇಳೆ ಕೊಡುತ್ತಿದ್ದಾರೆ. ಹಕ್ಕು ಇದ್ದೂ ಚಲಾಯಿಸದಿದ್ದರೆ ಅದು ಕಾಗದದ ಹಕ್ಕು.

ಜರ್ಮನಿಯ ಮ್ಯೂನಿಕ್ ನಗರದ ಅನುಭವವನ್ನು ಇಲ್ಲಿ ನೆನೆಯಬೇಕು. 2003ರಲ್ಲಿ ಆ ನಗರಸಭೆ ತನ್ನ ಕಂಪ್ಯೂಟರುಗಳನ್ನು ಲಿನಕ್ಸಿಗೆ ಬದಲಾಯಿಸಲು ನಿರ್ಧರಿಸಿತು. ಅದನ್ನು ತಡೆಯಲು ಮೈಕ್ರೋಸಾಫ್ಟಿನ ಮುಖ್ಯಸ್ಥ ಸ್ಟೀವ್ ಬಾಲ್ಮರ್ ಖುದ್ದಾಗಿ ಬಂದು ಮೇಯರನ್ನು ಕಂಡರೂ ನಗರಸಭೆ ಜಗ್ಗಲಿಲ್ಲ. ಹತ್ತು ವರ್ಷ ದುಡಿದು 2013ರ ಹೊತ್ತಿಗೆ ಕೆಲಸ ಮುಗಿಸಿತು. ಆದರೆ ರಾಜಕೀಯ ಬದಲಾಯಿತು, ನೌಕರರ ಗೊಣಗಾಟಕ್ಕೆ ಕಿವಿಗೊಡುವವರು ಬಂದರು. 2017ರಲ್ಲಿ ಮತ್ತೆ ವಿಂಡೋಸಿಗೆ ಮರಳುವ ತೀರ್ಮಾನವಾಯಿತು. ಅದೇ ಜರ್ಮನಿಯ ಶ್ಲೆಸ್ವಿಗ್ ಹೋಲ್‌ಸ್ಟೈನ್ ರಾಜ್ಯ 2024ರಲ್ಲಿ ತನ್ನ ಸುಮಾರು 30,000 ಕಂಪ್ಯೂಟರುಗಳಿಗೆ ಲಿಬ್ರೆ ಆಫೀಸನ್ನು ಗೊತ್ತುಮಾಡಿತು. ತಂತ್ರಾಂಶ ಒಳ್ಳೆಯದಿದ್ದರೆ ಸಾಲದು, ಅದರ ಹಿಂದೆ ನಿಲ್ಲುವ ಮನಸ್ಸೂ ಕಲಿಸುವ ತಾಳ್ಮೆಯೂ ಬೇಕು ಎಂಬುದಕ್ಕೆ ಈ ಎರಡು ಉದಾಹರಣೆಗಳು ಸಾಕು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ತಲಪಾಡಿಯ ಗಡಿ ದಾಟಿದರೆ ಸಾಕು. ಕೇರಳ 2001ರಲ್ಲಿ ಆರಂಭಿಸಿದ ಐಟಿ ಅಟ್ ಸ್ಕೂಲ್ ಯೋಜನೆ ಕೆಲವೇ ವರ್ಷಗಳಲ್ಲಿ ಮುಕ್ತ ತಂತ್ರಾಂಶಕ್ಕೆ ತಿರುಗಿತು. ಈಗ ಕೈಟ್ ಎಂಬ ಸರಕಾರಿ ಸಂಸ್ಥೆಯ ಹೆಸರಿನಲ್ಲಿ ನಡೆಯುತ್ತಿದೆ. ಮಂಜೇಶ್ವರ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಸರಕಾರಿ ಶಾಲೆಯಲ್ಲೇ ಕನ್ನಡದ ಪಠ್ಯಪುಸ್ತಕ ಹಿಡಿದು ಲಿನಕ್ಸಿನಲ್ಲಿ ಪಾಠ ಕಲಿಯುತ್ತಾರೆ. ಅಲ್ಲಿ ಯಶಸ್ಸಿಗೆ ಕಾರಣ ಪುಕ್ಕಟೆ ಸಿ.ಡಿ. ಹಂಚಿದ್ದಲ್ಲ, ಮೊದಲು ಶಿಕ್ಷಕರಿಗೆ ಕಲಿಸಿದ್ದು. ಕನ್ನಡದ ಮಗು ಗಡಿಯ ಆಚೆ ಕನ್ನಡದಲ್ಲೇ ಮುಕ್ತ ತಂತ್ರಾಂಶ ಕಲಿಯುವಾಗ, ಈಚೆಯ ನಮ್ಮ ಊರಿನ ಶಾಲೆಯಲ್ಲಿ ಕ್ರ್ಯಾಕ್ ಹಾಕಿಸಿಕೊಳ್ಳುವುದು ಎಂಥ ವಿಪರ್ಯಾಸ!

ಕೇಂದ್ರ ಸರಕಾರದ ಬಳಿ ನೀತಿಗಳಿಗೆ ಬರವಿಲ್ಲ. 2010ರಲ್ಲಿ ಮುಕ್ತ ಮಾನಕಗಳ ನೀತಿ ಬಂತು, 2015ರಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿ ಬಂತು. ಆದರೆ 2025ರ ಸೆಪ್ಟೆಂಬರಿನಲ್ಲಿ ಮಾಹಿತಿ ತಂತ್ರಜ್ಞಾನ ಸಚಿವ ಅಶ್ವಿನಿ ವೈಷ್ಣವ್ ತಾವು ಜೊಹೊ ಕಂಪೆನಿಯ ತಂತ್ರಾಂಶಕ್ಕೆ ಬದಲಾಗುವುದಾಗಿ ಸಾರಿ, ಸ್ವದೇಶಿಯ ಕರೆ ಕೊಟ್ಟರು. ಭಾರತದ ಕಂಪೆನಿಯೊಂದು ಒಳ್ಳೆಯ ತಂತ್ರಾಂಶ ಕಟ್ಟಿದ್ದು ಸಂತೋಷವೇ. ಆದರೆ ಸ್ವದೇಶಿ ಮತ್ತು ಸ್ವತಂತ್ರ ಒಂದೇ ಅಲ್ಲ. ಬೀಗ ಅಮೆರಿಕದ್ದಾದರೂ ಅಷ್ಟೇ, ಚೆನ್ನೈಯದ್ದಾದರೂ ಅಷ್ಟೇ. ಕೀಲಿಕೈ ನಮ್ಮಲ್ಲಿದೆಯೇ ಎಂಬುದೇ ಪ್ರಶ್ನೆ.

ನಮ್ಮ ಶಾಲೆಗೆ ಮರಳುತ್ತೇನೆ. ಹಾಜಿಯವರ ಮಾತಿನ ನಂತರ ಕ್ರ್ಯಾಕ್ ಹಾಕಲು ಯಾರಿಗೂ ಮನಸ್ಸಾಗಲಿಲ್ಲ. ಎಲ್ಲ ಯಂತ್ರಗಳಿಗೆ ಲಿಬ್ರೆ ಆಫೀಸ್ ಹಾಕಿಸಿದೆವು. ಮೊದಲ ತಿಂಗಳು ಗುಮಾಸ್ತರು ನನ್ನ ಮೇಲೆ ಮುನಿಸಿಕೊಂಡರು. ಮೇಲಿನ ಕಚೇರಿಗಳಿಂದ ಬರುವ ಕೆಲವು ನಮೂನೆಗಳು ಸರಿಯಾಗಿ ತೆರೆಯಲಿಲ್ಲ. ಒಂದು ಅಂಕಪಟ್ಟಿಯ ಲೆಕ್ಕಸೂತ್ರ ಕೈಕೊಟ್ಟಿತು, ಎರಡು ರಾತ್ರಿ ಕುಳಿತು ಹೊಸದಾಗಿ ಬರೆದೆವು. ಕೊನೆಗೆ ಒಂದು ಯಂತ್ರಕ್ಕೆ ಮಾತ್ರ ದುಡ್ಡು ಕೊಟ್ಟು ಅಸಲಿ ತಂತ್ರಾಂಶ ಕೊಂಡೆವು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಬೇಕಾದುದಕ್ಕೆ ಬೆಲೆ ಕೊಟ್ಟು ಕೊಳ್ಳುವುದು ಮರ್ಯಾದೆಯ ದಾರಿ, ಬೇಡದ್ದನ್ನು ಬಿಡುವುದೂ ಮರ್ಯಾದೆಯ ದಾರಿಯೇ. ಇವೆರಡರ ನಡುವೆ ನಾವು ಇಷ್ಟು ದಿನ ನಡೆದದ್ದು ಮಾತ್ರ ಕಳ್ಳದಾರಿ.

ಮೊನ್ನೆ ಎಂಟನೇ ತರಗತಿಯ ಹುಡುಗಿಯೊಬ್ಬಳು, "ಸರ್, ಇದನ್ನು ಪೆನ್‌ಡ್ರೈವಿಗೆ ಹಾಕಿ ಮನೆಗೆ ಕೊಂಡೋದ್ರೆ ತಪ್ಪಾ?" ಎಂದು ಅಳುಕುತ್ತಾ ಕೇಳಿದಳು. ತಪ್ಪಲ್ಲ, ಅಣ್ಣನಿಗೂ ಕೊಡು, ನೆರೆಮನೆಯವರಿಗೂ ಕೊಡು ಎಂದೆ. ಅವಳು ನಂಬಲಾರದೆ ಒಮ್ಮೆ ಗುಮಾಸ್ತರ ಮುಖ ನೋಡಿದಳು. ಮುನಿಸು ಮರೆತಿದ್ದ ಅವರು ಹೌದೆಂದು ತಲೆಯಾಡಿಸಿದರು.