ಪರದೇಶದ ಯುದ್ಧವೂ ಮತದಾರನ ತೀರ್ಪೂ

ಜನರಿಗೆ ಒಪ್ಪಿಗೆಯಿಲ್ಲದ ಪರದೇಶದ ಯುದ್ಧಕ್ಕೆ ಕೈಜೋಡಿಸಿದ ಸರ್ಕಾರ ಮುಂದಿನ ಚುನಾವಣೆಯಲ್ಲಿ ಅದರ ಬೆಲೆಯನ್ನು ತೆತ್ತೇ ತೀರುವುದೆಂಬ ಮಾತು ತರಗತಿಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಕೇಳಿಬರುತ್ತದೆ. ಇದಕ್ಕೆ ನಿದರ್ಶನವಾಗಿ 2004ರ ಸ್ಪೇನಿನ ಚುನಾವಣೆಯನ್ನು ಹೆಸರಿಸುವುದು ವಾಡಿಕೆ. ಆ ನಿದರ್ಶನವು ಈ ತತ್ತ್ವದ ಭಾರವನ್ನು ಹೊರಬಲ್ಲುದೇ ಎಂಬುದನ್ನು ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

2003ರ ಮಾರ್ಚ್ 16ರಂದು ಅಜೋರ್ಸ್ ದ್ವೀಪದಲ್ಲಿ ಅಮೆರಿಕದ ಅಧ್ಯಕ್ಷ ಬುಷ್, ಬ್ರಿಟನ್ನಿನ ಪ್ರಧಾನಿ ಬ್ಲೇರ್ ಇವರೊಡನೆ ಸ್ಪೇನಿನ ಪ್ರಧಾನಿ ಅಜ್ನಾರ್ ಸಮಾಲೋಚನೆಗೆ ಕುಳಿತರು. ನಾಲ್ಕು ದಿನಗಳಲ್ಲಿ ಇರಾಕಿನ ಮೇಲೆ ದಾಳಿ ಮೊದಲಾಯಿತು. ಆಗ ಸ್ಪೇನಿನಲ್ಲಿ ನೂರಕ್ಕೆ ಸುಮಾರು 90 ಮಂದಿ ಈ ಯುದ್ಧಕ್ಕೆ ವಿರೋಧಿಗಳಾಗಿದ್ದರು. ಮೇಲಿನ ತತ್ತ್ವ ನಿಜವಾದರೆ, ಎರಡು ತಿಂಗಳ ತರುವಾಯ ಮೇ 25ರಂದು ನಡೆದ ಸ್ಥಳೀಯ ಸಂಸ್ಥೆಗಳ ಚುನಾವಣೆಯಲ್ಲಿ ಅಜ್ನಾರರ ಪಾಪ್ಯುಲರ್ ಪಕ್ಷ ನೆಲಕಚ್ಚಬೇಕಾಗಿತ್ತು. ಹಾಗಾಗಲಿಲ್ಲ. ಒಟ್ಟು ಮತಗಳಲ್ಲಿ ಸಮಾಜವಾದಿಗಳು ಕೂದಲೆಳೆಯಷ್ಟು ಮುಂದಾದರು, ನಿಜ. ಆದರೆ ಮ್ಯಾಡ್ರಿಡ್ ನಗರಸಭೆಯೇ ಪಾಪ್ಯುಲರ್ ಪಕ್ಷದ ಕೈಯಲ್ಲಿ ಉಳಿಯಿತು. ಬೀದಿಗಳಲ್ಲಿ ಕಂಡ ಕೋಪ ಮತಪೆಟ್ಟಿಗೆಯವರೆಗೆ ನಡೆದುಬರಲಿಲ್ಲವೆಂದೇ ಹೇಳಬೇಕಾಗುತ್ತದೆ.

ಮುಂದಿನ ವರ್ಷ ಮಾರ್ಚ್ 11ರಂದು ಮ್ಯಾಡ್ರಿಡಿನ ರೈಲುಗಳಲ್ಲಿ ಬಾಂಬುಗಳು ಸಿಡಿದು 190ಕ್ಕೂ ಹೆಚ್ಚು ಮಂದಿ ಮಡಿದರು. ಚುನಾವಣೆಗೆ ಮೂರೇ ದಿನ ಉಳಿದಿತ್ತು. ಸರ್ಕಾರವು ಬಾಸ್ಕ್ ಉಗ್ರರ ಕಡೆಗೆ ಬೆರಳು ತೋರಿಸಿತು. ಸಾಕ್ಷ್ಯಗಳು ಬೇರೆ ದಿಕ್ಕನ್ನು ಸೂಚಿಸುತ್ತಿದ್ದಾಗಲೂ ಆ ಮಾತನ್ನು ಬಿಡಲು ಹಿಂದೆಮುಂದೆ ನೋಡಿತು. ಅದುವರೆಗಿನ ಸಮೀಕ್ಷೆಗಳಲ್ಲಿ ಮುಂದಿದ್ದ ಪಕ್ಷವು 14ರಂದು ಸೋತಿತು. 350 ಸ್ಥಾನಗಳಲ್ಲಿ ಅದರ ಬಲ 183ರಿಂದ 148ಕ್ಕೆ ಇಳಿಯಿತು. ಸಮಾಜವಾದಿಗಳದು 125ರಿಂದ 164ಕ್ಕೆ ಏರಿತು.

ಸ್ಥಾನಗಳ ಲೆಕ್ಕಕ್ಕಿಂತಲೂ ಮತಗಳ ಲೆಕ್ಕ ಹೆಚ್ಚು ವಿಚಾರಾರ್ಹವಾಗಿದೆ. ಪಾಪ್ಯುಲರ್ ಪಕ್ಷ ಕಳೆದುಕೊಂಡದ್ದು ಸುಮಾರು ಐದೂವರೆ ಲಕ್ಷ ಮತಗಳನ್ನು ಮಾತ್ರ. ಸಮಾಜವಾದಿಗಳಿಗೆ ಹೆಚ್ಚಾಗಿ ದೊರೆತದ್ದು ಮೂವತ್ತು ಲಕ್ಷಕ್ಕೂ ಮೇಲೆ. ಮತದಾನದ ಪ್ರಮಾಣವು ನೂರಕ್ಕೆ 69ರ ಸಮೀಪದಿಂದ 76ರ ಸಮೀಪಕ್ಕೆ ಏರಿತ್ತು. ಎಂದರೆ ಸರ್ಕಾರದ ಹಳೆಯ ಅನುಯಾಯಿಗಳು ಬಹುಮಟ್ಟಿಗೆ ಅದರೊಡನೆಯೇ ನಿಂತರು. ಹಿಂದೆ ಮನೆಯಲ್ಲಿ ಉಳಿದಿದ್ದವರೂ ಸಣ್ಣ ಪಕ್ಷಗಳ ಕಡೆಗೆ ಇದ್ದವರೂ ಒಂದೆಡೆ ಕೂಡಿ ಅದನ್ನು ಇಳಿಸಿದರು. ಒಂದು ವರ್ಷ ಒಳಗೊಳಗೇ ಇದ್ದ ಯುದ್ಧದ ಅಸಮಾಧಾನವು, ಸರ್ಕಾರ ನಮಗೆ ಸತ್ಯವನ್ನು ಹೇಳುತ್ತಿದೆಯೇ ಎಂಬ ಪ್ರಶ್ನೆಯಾಗಿ ಮಾರ್ಪಟ್ಟಾಗ ಮಾತ್ರ ಮತವಾಯಿತೆಂಬುದು ನಮ್ಮ ಅಭಿಪ್ರಾಯ. ಯುದ್ಧವನ್ನು ಮೊದಲಿನಿಂದ ವಿರೋಧಿಸಿದ್ದ ದೊಡ್ಡ ಪಕ್ಷವೊಂದು ಆ ಮತವನ್ನು ಪಡೆಯಲು ಸಿದ್ಧವಾಗಿತ್ತೆಂಬುದನ್ನೂ ಮರೆಯುವಂತಿಲ್ಲ.

ಬ್ರಿಟನ್ನಿನಲ್ಲಿ ಇಲ್ಲದೆ ಹೋದದ್ದು ಇದೇ. ಅಲ್ಲಿ ಸತ್ಯದ ಪ್ರಶ್ನೆ ಎದ್ದಿತ್ತು. ಹೇಳಲಾಗಿದ್ದ ಅಸ್ತ್ರಗಳು ಇರಾಕಿನಲ್ಲಿ ಸಿಕ್ಕಿರಲಿಲ್ಲ. ಲೇಬರ್ ಪಕ್ಷದ 139 ಸದಸ್ಯರೇ 2003ರ ಮಾರ್ಚ್ 18ರಂದು ತಮ್ಮ ಸರ್ಕಾರದ ವಿರುದ್ಧ ಮತವಿತ್ತಿದ್ದರು. ಆದರೆ ಮುಖ್ಯ ವಿರೋಧಪಕ್ಷವಾದ ಕನ್ಸರ್ವೇಟಿವರು ಯುದ್ಧವನ್ನು ಬೆಂಬಲಿಸಿದವರು. ಕೋಪಗೊಂಡ ಮತದಾರ ಅವರ ಬಳಿಗೆ ಹೋಗಿ ಪಡೆಯುವುದಾದರೂ ಏನು? 2005ರ ಮೇ 5ರಂದು ಲೇಬರ್ ಪಕ್ಷದ ಮತ ನೂರಕ್ಕೆ 40.7ರಿಂದ 35.2ಕ್ಕೆ ಕುಸಿಯಿತು, ಬಹುಮತ 167ರಿಂದ 66ಕ್ಕೆ ಇಳಿಯಿತು. ಯುದ್ಧವನ್ನು ವಿರೋಧಿಸಿದ ಲಿಬರಲ್ ಡೆಮೊಕ್ರಾಟರು ನೂರಕ್ಕೆ 22ರಷ್ಟು ಮತ ಗಳಿಸಿಯೂ ಪಡೆದ ಸ್ಥಾನಗಳು 62 ಮಾತ್ರ. ಲಂಡನ್ನಿನ ಬೆತ್ನಲ್ ಗ್ರೀನ್ ಕ್ಷೇತ್ರದಲ್ಲಿ ಯುದ್ಧವಿರೋಧಿ ಗ್ಯಾಲೊವೇ 823 ಮತಗಳ ಅಂತರದಿಂದ ಗೆದ್ದದ್ದು ಅಪವಾದವೆಂದೇ ಎಣಿಸತಕ್ಕದ್ದು. ಬ್ಲೇರರ ಸ್ವಂತ ಕ್ಷೇತ್ರದಲ್ಲಿ, ಇರಾಕಿನಲ್ಲಿ ಮಡಿದ ಯೋಧನೊಬ್ಬನ ತಂದೆ ಅವರ ಎದುರು ನಿಂತು ನಾಲ್ಕು ಸಾವಿರಕ್ಕೂ ಹೆಚ್ಚು ಮತ ಪಡೆದರು. ಆ ಫಲಿತಾಂಶವನ್ನು ಘೋಷಿಸಿದ ರಾತ್ರಿ ಬ್ಲೇರರು ಮೂರನೆಯ ಬಾರಿಗೆ ವಿಜಯಿಗಳಾಗಿದ್ದರು.

ವಿರೋಧಪಕ್ಷವೊಂದಿದ್ದರೆ ಸಾಕೇ ಎಂದು ಕೇಳಬಹುದು. ಸಾಲದೆಂಬುದಕ್ಕೆ ಆಸ್ಟ್ರೇಲಿಯವೇ ಸಾಕ್ಷಿ. ಅಲ್ಲಿನ ಲೇಬರ್ ನಾಯಕ ಲೇಥಮ್ ಕ್ರಿಸ್‌ಮಸ್ ವೇಳೆಗೆ ಸೇನೆಯನ್ನು ಮರಳಿ ಕರೆಸುವುದಾಗಿ ಹೇಳಿದ್ದರು. ಪ್ರಧಾನಿ ಹೋವರ್ಡ್ ಬಡ್ಡಿಯ ದರವನ್ನು ಕುರಿತು ಮಾತನಾಡಿದರು. ಗೃಹಸಾಲದ ಕಂತು ಕಟ್ಟುವ ಕುಟುಂಬಗಳು ಕಿವಿಗೊಟ್ಟವು. 2004ರ ಅಕ್ಟೋಬರಿನಲ್ಲಿ ಅವರ ಬಹುಮತ ಹೆಚ್ಚಿತು. ಒಲ್ಲದ ಯುದ್ಧವೆಂಬುದು ಬೇರೆ, ಮತ ಹಾಕುವಾಗ ನೆನಪಾಗುವ ಯುದ್ಧವೆಂಬುದು ಬೇರೆ. 2007ರಲ್ಲಿ ಹೋವರ್ಡರು ಅಧಿಕಾರವನ್ನೂ ತಮ್ಮ ಸ್ವಂತ ಕ್ಷೇತ್ರವನ್ನೂ ಕಳೆದುಕೊಂಡಾಗ ಅದನ್ನು ಇರಾಕಿನ ಲೆಕ್ಕಕ್ಕೆ ಬರೆದವರುಂಟು. ಆ ಚುನಾವಣೆಯ ದೊಡ್ಡ ವಿವಾದ ಕಾರ್ಮಿಕ ಕಾನೂನುಗಳದಾಗಿತ್ತು.

ಸಂಖ್ಯಾಶಾಸ್ತ್ರದ ನೆರವಿನಿಂದ ಹತ್ತಾರು ದೇಶಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ, ಯುದ್ಧಕ್ಕೆ ಇಷ್ಟು ಮತನಷ್ಟವೆಂದು ಸರಾಸರಿ ತೆಗೆಯುವ ಪದ್ಧತಿಯಲ್ಲಿ ನಮಗೆ ಹೆಚ್ಚಿನ ನಂಬಿಕೆಯಿಲ್ಲ. ಸ್ಪೇನನ್ನೂ ಆಸ್ಟ್ರೇಲಿಯವನ್ನೂ ಕೂಡಿಸಿ ಭಾಗಿಸಿದರೆ ದೊರೆಯುವ ಸಂಖ್ಯೆ ಎರಡೂ ದೇಶಗಳ ವಿಷಯದಲ್ಲಿ ಸುಳ್ಳಾಗುತ್ತದೆ. ಮತದಾರನ ಮುಂದೆ ಯಾವ ದಾರಿಗಳು ತೆರೆದಿದ್ದವೆಂಬುದನ್ನು ಮೊದಲು ಕೇಳುವುದು ಯುಕ್ತ. ಈ ಪ್ರಶ್ನೆ ಕೇವಲ ಪಾಂಡಿತ್ಯದ್ದಲ್ಲ. ಸ್ಪೇನಿನ ಹೊಸ ಪ್ರಧಾನಿ ಜಪಟೇರೊ ಅಧಿಕಾರ ವಹಿಸಿದೊಡನೆ, 2004ರ ಏಪ್ರಿಲಿನಲ್ಲಿಯೇ, ತಮ್ಮ ಸುಮಾರು 1,300 ಯೋಧರನ್ನು ಇರಾಕಿನಿಂದ ಹಿಂದಕ್ಕೆ ಕರೆಸಲು ಆಜ್ಞೆಯಿತ್ತರು. ಬ್ರಿಟಿಷ್ ಸೇನೆಯ ಕದನ ಕಾರ್ಯಾಚರಣೆ ಅಲ್ಲಿ ಕೊನೆಗೊಂಡದ್ದು 2009ರ ಏಪ್ರಿಲಿನಲ್ಲಿ.