ಕೋರ್ಟ್ ಸೀನಿನ ಇಂಗ್ಲಿಷು

ಹೇಮಗುಡ್ಡದ ನಮ್ಮ ಓಣಿಯಲ್ಲಿ ಡಿಶ್ ಇದ್ದದ್ದು ಒಂದೇ ಮನೆಗೆ. ಕರೆಂಟು ಇದ್ದ ದಿನ ನಾನೂ ಅಮ್ಮನೂ ಅಲ್ಲಿ ಹಾಜರು. ಅಮ್ಮ ಅಂದರೆ ಅಜ್ಜಿ. ನಮ್ಮ ಕಡೆ ಹೆತ್ತವಳು ಅವ್ವ, ಅವಳ ಅವ್ವ ಅಮ್ಮ. ಈಟಿವಿ ಕನ್ನಡದಲ್ಲಿ ಟಿ.ಎನ್. ಸೀತಾರಾಂ ಅವರ ‘ಮುಕ್ತ ಮುಕ್ತ’ ಬರುತ್ತಿದ್ದ ಕಾಲ ಅದು. ಲಾಯರ್ ಸಿ.ಎಸ್.ಪಿ. ಪಾತ್ರದಲ್ಲಿ ಅವರೇ. ಕೋರ್ಟಿನ ದೃಶ್ಯ ಬಂತೆಂದರೆ ಪಡಸಾಲೆಯಲ್ಲಿ ಎಲ್ಲರ ಮಾತೂ ನಿಲ್ಲುತ್ತಿತ್ತು. ಒಮ್ಮೆ ಎದುರು ಪಕ್ಷದ ಲಾಯರು ಎದ್ದು ‘ಅಬ್ಜೆಕ್ಷನ್’ ಎಂದು ಕೂಗಿದಾಗ ಅಮ್ಮ ಕೇಳಿದಳು: “ಏನಂದ್ನವಾ ಅಂವ?” ಅಡ್ಡ ಬಂದ ಎಂದೆ. “ತಕರಾರು ಅನ್ನಾಕ ಇಷ್ಟ್ಯಾಕ ಒದರ್ತಾನ?”

ಆ ಪ್ರಶ್ನೆ ಆಗ ತಮಾಷೆಯಾಗಿ ಕೇಳಿತ್ತು. ಈಗ, ಧಾರಾವಾಹಿಗಳ ಭಾಷೆಯ ಬಗ್ಗೆ ಟಿಪ್ಪಣಿ ಮಾಡಿಕೊಳ್ಳುವಾಗೆಲ್ಲ ಅದೇ ಎದುರಿಗೆ ಬಂದು ಕೂರುತ್ತದೆ.

ದೃಶ್ಯ ಪದ ಕಲಿಸುವ ಬಗೆಯೇ ಬೇರೆ. ಶಾಲೆಯ ಪಟ್ಟಿಯಲ್ಲಿ ‘ಅಬ್ಜೆಕ್ಷನ್’ ಎದುರು ‘ಆಕ್ಷೇಪಣೆ’ ಎಂದು ಬರೆದಿತ್ತು. ನನಗೆ ಎರಡೂ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಇಂಗ್ಲಿಷಿನದೇ ಸ್ವಲ್ಪ ಹಗುರವಾಗಿತ್ತು. ಟಿವಿಯಲ್ಲಾದರೆ ಪದಕ್ಕೆ ಮೊದಲು ಒಬ್ಬ ಮನುಷ್ಯ ಎದ್ದು ನಿಲ್ಲುತ್ತಿದ್ದ, ಸಾಕ್ಷಿಯ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು, ಎಲ್ಲರೂ ಜಡ್ಜಿನ ಮುಖ ನೋಡುತ್ತಿದ್ದರು. ಅರ್ಥ ಆಗಲೇ ಮನಸ್ಸಿಗೆ ಬಂದಿರುತ್ತಿತ್ತು, ಪದ ಆಮೇಲೆ. ಓವರ್‌ರೂಲ್ಡ್, ಸಸ್ಟೇನ್ಡ್, ಕ್ರಾಸ್, ಬೇಲ್ ಎಲ್ಲವನ್ನೂ ಇಂಥ ದೃಶ್ಯಗಳಲ್ಲೇ ಕಲಿತೆ. ಸ್ಪೆಲ್ಲಿಂಗ್ ಮಾತ್ರ ಒಂದಕ್ಕೂ ಬರುತ್ತಿರಲಿಲ್ಲ.

ಹೀಗೆ ಕಲಿತ ಪದ ತನ್ನ ದೃಶ್ಯವನ್ನು ಬಿಟ್ಟು ಹೊರಗೆ ಬರುವುದಿಲ್ಲ. ಬಿ.ಎ. ಓದುವಾಗ ಒಂದು ಭೂಗೋಳದ ಪುಸ್ತಕದಲ್ಲಿ ‘ಸಸ್ಟೇನ್ಡ್ ರೇನ್‌ಫಾಲ್’ ಎಂದು ಓದಿ, ಮಳೆಗೂ ಜಡ್ಜಿಗೂ ಏನು ಸಂಬಂಧ ಎಂದು ತಲೆ ಕೆರೆದುಕೊಂಡಿದ್ದೇನೆ. ಬಿಡದೆ ಸುರಿಯುವ ಮಳೆ ಎಂದು ತಿಳಿಯಲು ಸುತ್ತಿಗೆಯ ಸದ್ದನ್ನು ಮೊದಲು ತಲೆಯಿಂದ ತೆಗೆಯಬೇಕಾಯಿತು.

ಪದದ ಜತೆ ಅದನ್ನು ಯಾರು ಆಡಬಹುದು ಎಂಬುದನ್ನೂ ದೃಶ್ಯ ಕಲಿಸಿಬಿಡುತ್ತದೆ. ನಮ್ಮ ಜಾತ್ರೆಯ ಸಾಮಾಜಿಕ ನಾಟಕಗಳಲ್ಲೂ ಇಂಗ್ಲಿಷ್ ಇತ್ತು. ಪಟ್ಟಣದಲ್ಲಿ ಓದಿ ಬಂದ ಸೊಸೆ ‘ಶಟಪ್’ ಅನ್ನುತ್ತಿದ್ದಳು, ಹಾಸ್ಯಪಾತ್ರದವನು ಅದನ್ನು ತಿರುಚಿ ಹೇಳುತ್ತಿದ್ದ, ಜನ ಬಿದ್ದು ಬಿದ್ದು ನಗುತ್ತಿದ್ದರು. ಅಲ್ಲಿ ಇಂಗ್ಲಿಷು ಸೊಕ್ಕಿನ ಗುರುತು, ನಗಬಹುದಾದದ್ದು. ಕೋರ್ಟ್ ದೃಶ್ಯದಲ್ಲಿ ಅದಕ್ಕೆ ಯಾರೂ ನಗುವುದಿಲ್ಲ. ಕಟಕಟೆಯಲ್ಲಿ ನಿಂತವರ ಬಾಯಲ್ಲಿ ಕನ್ನಡ, ಅವರ ಮಾತನ್ನು ತಡೆಯುವವರ ಬಾಯಲ್ಲಿ ಇಂಗ್ಲಿಷ್. ನಾನು ಕಲಿತ ಪದಗಳೆಲ್ಲ ತಡೆಯುವವರ ಪದಗಳು.

ಅಮ್ಮನ ಬಳಿ ಇದ್ದ ಪದಗಳೂ ಅಚ್ಚಗನ್ನಡದವಲ್ಲ ಎಂಬುದನ್ನು ಇಲ್ಲಿ ಹೇಳಬೇಕು. 1948ರವರೆಗೆ ಗಂಗಾವತಿ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು, ಕಚೇರಿಯ ಭಾಷೆ ಉರ್ದು. ವಕೀಲ, ಜಾಮೀನು, ಫಿರ್ಯಾದಿ, ತಕರಾರು ಎಲ್ಲವೂ ಅರಬ್ಬಿ, ಫಾರಸಿಗಳಿಂದ ನಡೆದು ಬಂದವು. ಅರಬ್ಬಿಯಲ್ಲಿ ತಕರಾರು ಅಂದರೆ ಹೇಳಿದ್ದನ್ನೇ ಮತ್ತೆ ಹೇಳುವುದು. ಹಾಗಾಗಿ ‘ಅಬ್ಜೆಕ್ಷನ್’ ಹೊರಗಿನದು ಎಂಬ ದೂರು ನನ್ನದಲ್ಲ. ತಕರಾರು ಹೊಲದ ಬದುವಿಗೂ ಬರುತ್ತದೆ, ನೀರಿನ ಪಾಳಿಗೂ ಬರುತ್ತದೆ, ಅತ್ತೆ–ಸೊಸೆಯರ ನಡುವೆಯೂ ಬರುತ್ತದೆ. ಧಾರಾವಾಹಿ ಕೊಟ್ಟ ಪದ ಇನ್ನೂ ಕರಿ ಕೋಟಿನಲ್ಲೇ ಇದೆ.

ಆದರೂ ಸೀತಾರಾಂ ಅವರಿಗೆ ಸಲ್ಲಬೇಕಾದದ್ದು ಸಲ್ಲಬೇಕು. 1998ರ ‘ಮಾಯಾಮೃಗ’ದಿಂದ 2018ರ ‘ಮಗಳು ಜಾನಕಿ’ಯವರೆಗೆ ಅವರ ಧಾರಾವಾಹಿಗಳ ಬಲ ಇರುವುದು ಮಾತಿನಲ್ಲಿ. ಇಂಗ್ಲಿಷ್ ಪದ ಒಂದು ಕ್ಷಣ ಮಿಂಚಿದರೂ ಆಮೇಲಿನ ವಾದ ನಡೆಯುವುದು ಕನ್ನಡದಲ್ಲಿ, ನಿಧಾನವಾಗಿ, ಒಂದು ಕಾರಣಕ್ಕೆ ಇನ್ನೊಂದನ್ನು ಹೊಸೆಯುತ್ತ. ಅಮ್ಮ ಅಷ್ಟು ಹೊತ್ತು ಕೂತು ನೋಡುತ್ತಿದ್ದದ್ದು ಅದಕ್ಕೇ. ನಾನು ಪದ ಹೆಕ್ಕುತ್ತಿದ್ದೆ, ಅವಳು ವಾದ ಕೇಳುತ್ತಿದ್ದಳು. ಇದು ನನಗೆ ಹೊಳೆದದ್ದು ಬಹಳ ತಡವಾಗಿ.

ಪಿಯುಸಿಯಲ್ಲಿದ್ದಾಗ ಹೊಲದ ವ್ಯಾಜ್ಯಕ್ಕೆಂದು ಅಮ್ಮನ ಜತೆ ಗಂಗಾವತಿ ಕೋರ್ಟಿಗೆ ಹೋಗಿದ್ದೆ. ನನ್ನ ಇಂಗ್ಲಿಷೆಲ್ಲ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಆ ದಿನ ಪಡಸಾಲೆಯಲ್ಲಿ ಕೇಳಿಬಂದ ಪದ ಒಂದೇ: ತಾರೀಖು. ಟಿವಿಯ ಯಾವ ಕೋರ್ಟಿನಲ್ಲೂ ಅದು ಅಷ್ಟು ಸಲ ಕೇಳಿಸಿದ್ದು ನನಗೆ ನೆನಪಿಲ್ಲ. ಬೇವಿನ ಗಿಡದ ಬುಡದಲ್ಲಿ ಕಾಯುವುದನ್ನು ದೃಶ್ಯ ಮಾಡುವುದು ಕಷ್ಟವೇ. (ದಿನವೂ ‘ಮುಂದುವರಿಯುವುದು’ ಎಂದು ನಿಲ್ಲುವ ಧಾರಾವಾಹಿಯೂ ತಾರೀಖು ಕೊಡುವುದೇ ಆಗಿತ್ತು, ಆ ಮಾತು ಬೇರೆ.) ಸಂಜೆ ನಾಲ್ಕಕ್ಕೆ ನಮ್ಮ ಹೆಸರು ಕೂಗಿದರು, ಇನ್ನೊಂದು ತಾರೀಖು ಬರೆದುಕೊಟ್ಟರು. ಒಳಗೆ ನಾವು ಇದ್ದದ್ದು ಎರಡು ನಿಮಿಷವೂ ಇರಲಿಕ್ಕಿಲ್ಲ.

ಬಸ್ಸಿನಲ್ಲಿ ಅಮ್ಮ ಬಹಳ ಹೊತ್ತು ಸುಮ್ಮನಿದ್ದಳು. ಊರು ಹತ್ತಿರವಾದಾಗ ನನ್ನ ಕಡೆ ತಿರುಗಿದಳು.

“ಅಬ್ಜಕ್ಷನ್ ಅನ್ನಬೇಕಿತ್ತಲ್ಲವಾ ನೀ.”