ಬೆಟ್ಟವೇ ಬರೆದ ನಕ್ಷೆ

ಚಿತ್ರದುರ್ಗದ ಏಳುಸುತ್ತಿನ ಕೋಟೆಯ ವಿನ್ಯಾಸ ಹುಟ್ಟಿದ್ದು ಬೆಟ್ಟದ ಮೈಯಿಂದಲೇ. ಇಲ್ಲಿನ ಕಲ್ಲುಕುಟಿಗರು ನೆಲವನ್ನು ಸಮಮಾಡಲು ಹೊರಡದೆ, ಹೆಬ್ಬಂಡೆ ಇದ್ದೆಡೆ ಅದನ್ನೇ ಗೋಡೆಯಾಗಿ ಉಳಿಸಿಕೊಂಡು, ಬಂಡೆಗಳ ನಡುವಿನ ತೆರವನ್ನು ಕಟ್ಟಿ ಮುಚ್ಚಿದ ಜಾಣ್ಮೆ ಬೆರಗು ಹುಟ್ಟಿಸುತ್ತದೆ. ಸಾಲಾಗಿ ಕೊರೆದ ಕುಳಿಗಳಿಗೆ ಬೆಣೆ ಬಡಿದು ಸೀಳಿದ ಕಲ್ಲುಗಳು, ಸುಣ್ಣ–ಮರಳಿನ ಮಿಶ್ರಣವಾದ ಗಾರೆಯ ಹಂಗಿಲ್ಲದೆ, ತಮ್ಮ ಭಾರದಿಂದಲೇ ಒಂದನ್ನೊಂದು ಬಿಗಿದು ನಿಂತಿದ್ದು, ಆ ಕುಳಿಗಳ ಗುರುತು ಇಂದಿಗೂ ಬೆರಳಿಗೆ ತಾಕುತ್ತದೆ. ಬಾಗಿಲುಗಳು ನೇರ ಸಾಲಿನಲ್ಲಿರದೆ, ದಾರಿ ಥಟ್ಟನೆ ತಿರುಗುವುದರಿಂದ, ಆನೆಗೆ ಓಡಿಬಂದು ಕದವನ್ನು ಗುದ್ದುವಷ್ಟು ಅವಕಾಶವೇ ಸಿಗುವುದಿಲ್ಲ. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದ ಮೇಲೆ ಮಳೆನೀರು ಇಳಿಜಾರು ಹಿಡಿದು ಅಕ್ಕ–ತಂಗಿ ಹೊಂಡಕ್ಕೆ ಸೇರುವ ಏರ್ಪಾಡಿನಲ್ಲಿ, ನಿವೇಶನವನ್ನು ಮಣಿಸದೆ ಅದರ ಮಾತು ಕೇಳಿ ಕಟ್ಟಿದವರ ವಿನಯ ಮತ್ತು ವಿದ್ಯೆ ಒಟ್ಟಿಗೇ ಹರಿಯುತ್ತವೆ.